ಕೀಲ್ ಬಿರುಕು: ಪುಟ್ಟಿ ಹಚ್ಚುವ ಮೊದಲು

“ಮಿಶಿಗನ್‌ನಿಂದ ದೋಣಿ ತರಿಸಿದೆ. ಲಾರಿಯಿಂದ ಇಳಿಸುವಾಗ ನೋಡಿದರೆ ಕೀಲ್ ಹತ್ತಿರ ಬಿರುಕು. ನೀರಿಗೆ ಇಳಿಸಬಹುದೇ?” ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಸುತ್ತಮುತ್ತ ನೆಲೆಸಿ, ವಾರವಿಡೀ ಕಂಪ್ಯೂಟರಿನ ಮುಂದೆ ಕೂತು, ಶನಿವಾರ ಬಂದರೆ ಹಾಯಿ ಬಿಚ್ಚುವ ಕನ್ನಡಿಗರ ಸಂಖ್ಯೆ ಹೆಚ್ಚುತ್ತಿದೆ. ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಈ ಪ್ರಶ್ನೆಯೂ ಹೆಚ್ಚುತ್ತಿದೆ. ಜೊತೆಗೆ ಒಂದು ಫೋಟೊ ಇರುತ್ತದೆ. ದೋಣಿಯ ಒಡಲು ಮತ್ತು ಕೀಲ್ ಸೇರುವ ಸಂದಿನಲ್ಲಿ, ಮುಂಭಾಗಕ್ಕೆ, ತುಟಿ ಬಿರಿದಂತೆ ಒಂದು ಗೆರೆ. ಕೇಳುವವರಿಗೆಲ್ಲ ಬೇಕಾಗಿರುವುದು ಹೌದು ಅಥವಾ ಅಲ್ಲ ಎಂಬ ಉತ್ತರ. ಫೋಟೊ ನೋಡಿ ಆ ಉತ್ತರ ಕೊಡುವವರನ್ನು ನಂಬಬೇಡಿ ಎಂಬುದೇ ನನ್ನ ಮೊದಲ ಮಾತು.

ದೋಣಿಗಳು ಲಾರಿ ಹತ್ತುವುದಕ್ಕೆ ಕಾರಣವಿದೆ. ಅಮೆರಿಕದ ಮಹಾಸರೋವರಗಳದ್ದು ಸಿಹಿನೀರು. ಅಲ್ಲಿ ಹಾಯಿ ಹಾಕುವ ಕಾಲವೂ ವರ್ಷಕ್ಕೆ ಐದಾರು ತಿಂಗಳು ಮಾತ್ರ, ಉಳಿದಂತೆ ದೋಣಿ ದಡದ ಮೇಲೆ ಹೊದಿಕೆಯೊಳಗೆ ಮಲಗಿರುತ್ತದೆ. ಉಪ್ಪು ತಿನ್ನದ, ಬಿಸಿಲಿಗೆ ಬಾಡದ ಇಂಥ ಹಳೆಯ ದೋಣಿಗಳಿಗೆ ಪಶ್ಚಿಮ ಕರಾವಳಿಯಲ್ಲಿ ಒಳ್ಳೆಯ ಗಿರಾಕಿ. ಆದರೆ ಅಲ್ಲಿಂದ ಇಲ್ಲಿಗೆ ನೀರಿನ ದಾರಿ ಹಿಡಿದರೆ ಅರ್ಧ ಭೂಖಂಡ ಸುತ್ತಬೇಕು. ಹಾಗಾಗಿ ಹಾಯಿಕಂಬ ಇಳಿಸಿ, ಟ್ರೇಲರ್ ಮೇಲೇರಿಸಿ, ಇಂಟರ್‌ಸ್ಟೇಟ್ 80 ಹೆದ್ದಾರಿ ಹಿಡಿದು, ರಾಕಿ ಪರ್ವತ ದಾಟಿ, ಕೊನೆಗೆ 2,200 ಮೀಟರ್ ಎತ್ತರದ ಡಾನರ್ ಕಣಿವೆದಾರಿ ಇಳಿದು ತರುತ್ತಾರೆ. ಮೂರೂವರೆ ಸಾವಿರ ಕಿಲೋಮೀಟರಿಗೂ ಮಿಕ್ಕಿದ ದಾರಿ. ನೀರಿನಲ್ಲಿ ಇಪ್ಪತ್ತು ವರ್ಷ ಕಾಣದ ಕುಲುಕಾಟವನ್ನು ದೋಣಿ ಈ ಒಂದು ವಾರದಲ್ಲಿ ಕಾಣುತ್ತದೆ.

ಕೀಲ್ ಅಂದರೆ ಹಾಯಿದೋಣಿಯ ಹೊಟ್ಟೆಯ ಕೆಳಗೆ ಇಳಿಬಿದ್ದಿರುವ ಭಾರದ ರೆಕ್ಕೆ. ಗಾಳಿ ಹಾಯಿಯನ್ನು ಪಕ್ಕಕ್ಕೆ ತಳ್ಳಿದಾಗ ದೋಣಿ ಮಗುಚದಂತೆ ಹಿಡಿಯುವುದು ಅದರ ತೂಕ, ಅಡ್ಡಕ್ಕೆ ಜಾರದಂತೆ ತಡೆಯುವುದು ಅದರ ಅಗಲ. ಇಲ್ಲಿನ ಮರೀನಾಗಳಲ್ಲಿ ಎಲ್ಲೆಂದರಲ್ಲಿ ಕಾಣುವ ಕ್ಯಾಟಲಿನಾ 30 ಮಾದರಿಯನ್ನೇ ತೆಗೆದುಕೊಳ್ಳಿ. ಇಡೀ ದೋಣಿಯ ತೂಕ ಸುಮಾರು 4,600 ಕೆಜಿ, ಅದರಲ್ಲಿ ಸುಮಾರು 1,900 ಕೆಜಿ ಕೀಲ್‌ನದೇ. ಇಷ್ಟು ಭಾರದ ಲೋಹ ಫೈಬರ್‌ಗ್ಲಾಸ್ ಒಡಲಿಗೆ ಒಂದು ಸಾಲು ಬೋಲ್ಟ್‌ಗಳ ಮೇಲೆ ನೇತಾಡುತ್ತಿರುತ್ತದೆ. ಬಿರುಗಾಳಿಗೆ ದೋಣಿ ಪೂರ್ತಿ ಪಕ್ಕಕ್ಕೆ ಮಲಗಿತು ಎನ್ನಿ. ಕೀಲ್‌ನ ಭಾರಕೇಂದ್ರ ಸಂದಿನಿಂದ 60 ಸೆಂಟಿಮೀಟರ್ ಕೆಳಗಿದೆ ಎಂದು ಹಿಡಿದರೂ ಸಂದಿನ ಮೇಲೆ ಬೀಳುವ ತಿರುಚು 1,100 ಕೆಜಿ-ಮೀಟರ್ ದಾಟುತ್ತದೆ. ಬೋಲ್ಟ್‌ನಿಂದ ಸಂದಿನ ಅಂಚಿಗೆ ಇರುವ ದೂರ ಒಂದು ಗೇಣೂ ಇಲ್ಲ. ಅಷ್ಟು ಗಿಡ್ಡ ಸನ್ನೆಯಲ್ಲಿ ಈ ತಿರುಚನ್ನು ತಡೆಯಬೇಕಾದರೆ ಬೋಲ್ಟ್‌ಗಳು ಒಟ್ಟಾರೆ ಎಂಟು–ಹತ್ತು ಟನ್ ಎಳೆತವನ್ನು ಹೊರಬೇಕು. ಆ ಎಳೆತ ಬೋಲ್ಟ್‌ನಿಂದ ವಾಷರ್‌ಗೆ, ವಾಷರ್‌ನಿಂದ ತಳದ ಫೈಬರ್‌ಗೆ, ಅಲ್ಲಿಂದ ದೋಣಿಯೊಳಗಿನ ಅಡ್ಡತೊಲೆಗಳಿಗೆ ಹರಿದು ಒಡಲಿನ ಉದ್ದಗಲಕ್ಕೆ ಹಂಚಿಹೋಗುತ್ತದೆ. ಕೀಲ್ ಗಟ್ಟಿಯಾಗಿದೆ ಎಂದರೆ ಈ ಇಡೀ ಸರಪಳಿ ಗಟ್ಟಿಯಾಗಿದೆ ಎಂದು ಅರ್ಥ. ಹೊರಗೆ ಕಾಣುವ ಸಂದು ಅದರ ಒಂದು ಕೊಂಡಿ, ಅಷ್ಟೇ.

ನೀರಿನಲ್ಲಿ ಕೀಲ್ ದೋಣಿಗೆ ಜೋತುಬಿದ್ದಿರುತ್ತದೆ. ಲಾರಿಯ ಮೇಲೆ ದೋಣಿಯೇ ಕೀಲ್ ಮೇಲೆ ಕೂತಿರುತ್ತದೆ. ಸರಿಯಾಗಿ ಕೂರಿಸಿದರೆ ಇದರಿಂದ ಅಪಾಯವೇನೂ ಇಲ್ಲ. ಭಾರವೆಲ್ಲ ಕೀಲ್‌ನ ಪಾದದ ಮೇಲೆ ಇರಬೇಕು, ಎರಡೂ ಪಕ್ಕದ ತೋಳುಗಳ ಮೆತ್ತೆಗಳು ದೋಣಿ ವಾಲದಂತೆ ಹಿಡಿದರೆ ಸಾಕು. ತೊಂದರೆ ಶುರುವಾಗುವುದು ಇಲ್ಲಿ: ಬಹಳಷ್ಟು ಕೀಲ್‌ಗಳ ಪಾದ ದೋಣಿಯ ನೀರುಗೆರೆಗೆ ಸಮಾನಾಂತರವಾಗಿರುವುದಿಲ್ಲ, ಹಿಂದಕ್ಕೋ ಮುಂದಕ್ಕೋ ಇಳಿಜಾರಾಗಿರುತ್ತದೆ. ಆ ಇಳಿಜಾರಿಗೆ ಸರಿಯಾಗಿ ಹಲಗೆಯ ಬೆಣೆ ಕೊಡದೆ ಸಮತಟ್ಟು ತೊಲೆಯ ಮೇಲೆ ಕೂರಿಸಿದರೆ ನಾಲ್ಕೂವರೆ ಟನ್ ಭಾರ ಪಾದದ ಒಂದು ಮೂಲೆಗೆ ಬೀಳುತ್ತದೆ. ಆಮೇಲೆ ರಸ್ತೆಯ ಪ್ರತಿಯೊಂದು ಗುಂಡಿಯೂ ಆ ಮೂಲೆಗೆ ಕೊಟ್ಟ ಸುತ್ತಿಗೆ ಏಟು. ಸೇತುವೆಗಳಡಿ ನುಸುಳಬೇಕೆಂದು ಟ್ರೇಲರನ್ನು ತೀರಾ ತಗ್ಗಾಗಿ ಮಾಡಿರುತ್ತಾರೆ, ರೈಲ್ವೆ ಗೇಟಿನ ದಿಬ್ಬದಲ್ಲಿ ಅದರ ಹೊಟ್ಟೆ ನೆಲಕ್ಕೆ ತಾಗುವುದೂ ಉಂಟು. ಇನ್ನು ಕೆಲವು ಚಾಲಕರು ದೋಣಿ ಅಲ್ಲಾಡಬಾರದೆಂದು ಡೆಕ್ ಮೇಲೆ ಪಟ್ಟಿ ಹಾಯಿಸಿ ರ‍್ಯಾಚೆಟ್ ತಿರುಗಿಸಿದ್ದೇ ತಿರುಗಿಸಿದ್ದು. ಆ ಬಿಗಿತವೂ ಸೇರುವುದು ಕೀಲ್ ಸಂದಿನ ಲೆಕ್ಕಕ್ಕೇ.

ಆದ್ದರಿಂದ ಬಿರುಕಿನ ಉದ್ದಕ್ಕಿಂತ ಅದರ ಜಾಗ ಮುಖ್ಯ. ಸಂದು ಮುಂದೆ ಬಾಯಿ ಬಿಟ್ಟಿದ್ದರೆ ಕೀಲ್‌ನ ಹಿಂಬದಿ ಮೇಲಕ್ಕೆ ತಳ್ಳಿಸಿಕೊಂಡಿದೆ ಎಂದು ಅನುಮಾನಿಸಬೇಕು, ನಿಜವಾದ ಪೆಟ್ಟು ಬಿದ್ದಿರುವುದು ಹಿಂದೆ, ದೋಣಿಯ ಒಳಗೆ. ನೀರಿನೊಳಗಿನ ಬಂಡೆಗೆ ಕೀಲ್‌ನ ಮೂತಿ ಬಡಿದಾಗಲೂ ಆಗುವುದು ಇದೇ. ಸಂದು ಹಿಂದೆ ತೆರೆದಿದ್ದರೆ ಭಾರ ಮುಂದಿನ ಮೂಲೆಯ ಮೇಲೆ ಕೂತಿತ್ತು. ಒಂದು ಪಕ್ಕ ಬಿರಿದು ಇನ್ನೊಂದು ಪಕ್ಕದಲ್ಲಿ ಬಣ್ಣ ಸುಕ್ಕುಗಟ್ಟಿ ಎದ್ದಿದ್ದರೆ ಕೀಲ್ ಅಡ್ಡಕ್ಕೆ ಓಲಾಡಿದೆ, ಪಾದಕ್ಕೆ ಎರಡೂ ಕಡೆ ತಡೆ ಕೊಟ್ಟಿರಲಿಲ್ಲ ಎಂದಾಯಿತು.

ಹಾಗೆಂದು ಎಲ್ಲ ಬಿರುಕೂ ಲಾರಿಯ ಪಾಪವಲ್ಲ. ಮಹಾಸರೋವರದ ದೋಣಿಗಳಿಗೆ ಚಳಿಗಾಲದ ಕಾಟವಿದೆ. ಕೀಲ್‌ನ ನೆತ್ತಿಯ ಮೇಲಿರುವ ಬಿಲ್ಜ್ ಗುಂಡಿಯಲ್ಲೋ ಸಂದಿನ ಒಳಗೋ ನೀರು ನಿಂತಿದ್ದರೆ ಅದು ಹೆಪ್ಪುಗಟ್ಟಿ ಸುಮಾರು ಶೇ 9ರಷ್ಟು ಹಿಗ್ಗುತ್ತದೆ, ಸಂದನ್ನು ಒಂದೊಂದೇ ಕೂದಲೆಳೆಯಷ್ಟು ಸಡಿಲಿಸುತ್ತದೆ. ಹಿಂದಿನ ಮಾಲೀಕ ಯಾವಾಗಲೋ ಮರಳದಿಬ್ಬಕ್ಕೆ ಹತ್ತಿಸಿ, ಮೇಲೆ ಪುಟ್ಟಿ ಬಳಿದು, ನೀಲಿ ಬಣ್ಣ ಹೊಡೆದು ಸುಮ್ಮನಾಗಿರಬಹುದು. ಲೋಹಕ್ಕೂ ಫೈಬರ್‌ಗೂ ಹಿಗ್ಗುವ ಕುಗ್ಗುವ ಪ್ರಮಾಣ ಬೇರೆ ಬೇರೆ, ಅವೆರಡರ ನಡುವೆ ಬಳಿದ ಗಡುಸು ಪುಟ್ಟಿ ಒಂದಲ್ಲ ಒಂದು ದಿನ ಸೀಳಲೇಬೇಕು. ಕ್ಯಾಟಲಿನಾ ದೋಣಿಗಳ ಮುಂಸಂದಿನ ಗೆರೆ ಎಷ್ಟು ಸಾಮಾನ್ಯವೆಂದರೆ ಇಲ್ಲಿನ ದೋಣಿ ರಿಪೇರಿ ಯಾರ್ಡ್‌ಗಳಲ್ಲಿ ಅದನ್ನು ‘ಕ್ಯಾಟಲಿನಾ ಸ್ಮೈಲ್’ ಎಂದೇ ಕರೆಯುತ್ತಾರೆ. ಅದರಲ್ಲಿ ಎಷ್ಟೋ ನಿರುಪದ್ರವಿ. ಲಾರಿ ಮಾಡುವ ಕೆಲಸ ಅನೇಕ ಸಲ ಹಳೆಯ ಕಥೆಯ ಮುಸುಕು ತೆಗೆಯುವುದಷ್ಟೇ.

ಧಾರವಾಡದ ಕಡೆಯ ಗೆಳೆಯರೊಬ್ಬರು ತರಿಸಿದ ಮೂವತ್ತು ಅಡಿಯ ದೋಣಿ ನೋಡಲು ಯಾರ್ಡ್‌ಗೆ ಹೋಗಿದ್ದೆ. ಮುಂದಿನ ಬಿರುಕು ನಾಲ್ಕು ಬೆರಳಿನಷ್ಟೂ ಇರಲಿಲ್ಲ. “ಇಷ್ಟಕ್ಕ ಯಾಕ್ರಿ ತಲಿ ಕೆಡಿಸ್ಕೊಳ್ಳೋದು, ಪುಟ್ಟಿ ಹಚ್ಚಿದ್ರ ಮುಗೀತಲ್ರಿ?” ಅಂದರು. ಏಣಿ ಹತ್ತಿ ಒಳಗೆ ಹೋದೆವು. ಶೌಚದ ಕೋಣೆಯ ಬಾಗಿಲು ಚೌಕಟ್ಟಿಗೆ ಸಿಕ್ಕಿಕೊಂಡು ಪೂರ್ತಿ ಮುಚ್ಚುತ್ತಿರಲಿಲ್ಲ. ಮಿಶಿಗನ್‌ನಲ್ಲಿ ದೋಣಿ ನೋಡಿದಾಗ ಅದು ಸಲೀಸಾಗಿತ್ತು ಎಂಬುದು ಅವರಿಗೆ ಆಗ ನೆನಪಾಯಿತು. ನೆಲದ ಹಲಗೆಗಳನ್ನು ಎತ್ತಿ, ಬಿಲ್ಜ್ ಒರೆಸಿ, ಟಾರ್ಚನ್ನು ನೆಲಮಟ್ಟಕ್ಕೆ ಓರೆಯಾಗಿ ಹಿಡಿದಾಗ ಕೀಲ್‌ನ ಹಿಂತುದಿಯ ಮೇಲಿದ್ದ ಅಡ್ಡತೊಲೆಯ ಬುಡದಲ್ಲಿ ಕೂದಲೆಳೆಯ ಬಿಳಿ ಗೆರೆಗಳು ಕಂಡವು. ಉಗುರಿನಿಂದ ಒತ್ತಿದರೆ ತೊಲೆಯ ಅಂಚು ತಳದಿಂದ ಬಿಟ್ಟುಕೊಂಡಿತ್ತು. ದೋಣಿ ಏರಿಸುವಾಗ ತೆಗೆದ ಒಂದು ಫೋಟೊ ಅವರ ಫೋನಿನಲ್ಲೇ ಇತ್ತು. ಅದನ್ನು ದೊಡ್ಡದು ಮಾಡಿ ನೋಡಿದರೆ ಕೀಲ್ ಪಾದದ ಹಿಂತುದಿಗೆ ಮಾತ್ರ ಹಲಗೆ, ಮುಂದೆ ಬೆಳಕು ಹಾಯುವಷ್ಟು ಸಂದಿ. ಅದೇ ಯಾರ್ಡ್‌ನಲ್ಲಿ ಪಕ್ಕಕ್ಕೆ ನಿಂತಿದ್ದ ಇನ್ನೊಂದು ದೋಣಿಯಲ್ಲಿ ಮೊಳದುದ್ದದ ಬಿರುಕಿತ್ತು. ಅದರ ಒಳಗೆ ಎಲ್ಲವೂ ಒಣಗಿ, ನೆಟ್ಟಗೆ, ಗಟ್ಟಿಯಾಗಿತ್ತು. ಕೆರೆದು ನೋಡಿದರೆ ಒಡೆದಿದ್ದು ಬರೀ ಪುಟ್ಟಿಯ ಪದರ.

ಹಾಗಾದರೆ ನಿಜವನ್ನು ಹೇಗೆ ಹೊರಡಿಸುವುದು? ಅತ್ಯಂತ ಅಗ್ಗದ, ಅತ್ಯಂತ ಪ್ರಾಮಾಣಿಕ ಪರೀಕ್ಷೆ ಸಿಗುವುದು ಟ್ರೇಲರಿನಿಂದ ದೋಣಿಯನ್ನು ಸ್ಲಿಂಗ್‌ನಲ್ಲಿ, ಅಂದರೆ ಪಟ್ಟಿಗಳ ಜೋಲಿಯಲ್ಲಿ, ಎತ್ತಿದಾಗ. ಆಗ ಕೀಲ್ ಮತ್ತೆ ಜೋತುಬೀಳುತ್ತದೆ. ಎತ್ತುವ ಮೊದಲೇ ಸಂದಿನ ಮೇಲೆ ಅಡ್ಡಲಾಗಿ ಪೆನ್ಸಿಲ್ ಗೆರೆಗಳನ್ನು ಎಳೆದಿಡಿ. ನೆಲದಿಂದ ಒಂದೆರಡು ಇಂಚು ಎತ್ತಿಸಿ, ಗೆರೆಗಳು ತುಂಡಾಗಿ ಬೇರೆಯಾದವೇ, ಬಿರುಕಿಗೆ ತೆಳುವಾದ ಬ್ಲೇಡ್ ಮೊದಲಿಗಿಂತ ಆಳಕ್ಕೆ ಇಳಿಯುತ್ತದೆಯೇ ನೋಡಿ. ಮತ್ತೆ ಮರದ ದಿಮ್ಮಿಯ ಮೇಲೆ ಇಳಿಸಿದಾಗ ಅದು ಮುಚ್ಚಿಕೊಂಡರೆ ಸಂದು ಉಸಿರಾಡುತ್ತಿದೆ ಎಂದೇ ಅರ್ಥ. ಮತ್ತೆ ಎತ್ತಿಸಿ, ಪಕ್ಕದಲ್ಲಿ ನಿಂತು (ಅಡಿಗೆ ಮಾತ್ರ ಯಾವ ಕಾರಣಕ್ಕೂ ತೂರಬೇಡಿ) ಕೀಲ್‌ನ ತುದಿಯನ್ನು ಆಚೀಚೆ ತಳ್ಳಿಸಿ. ಅಷ್ಟು ಹೊತ್ತೂ ಒಬ್ಬರು ಒಳಗೆ ಬಿಲ್ಜ್ ಮುಂದೆ ಕುಕ್ಕರಗಾಲಲ್ಲಿ ಕೂತಿರಬೇಕು. ಪ್ರತಿ ನಟ್‌ನ ಬುಡಕ್ಕೆ ಒಂದು ಚಮಚ ನೀರು ಬಿಟ್ಟಿರಬೇಕು. ಕೀಲ್ ಅಲುಗಿದಾಗ ಆ ನೀರು ಒಳಕ್ಕೆ ಹೀರಿಕೊಂಡರೆ ಅಥವಾ ಗುಳ್ಳೆ ಎದ್ದರೆ ಬೇರೆ ಸಾಕ್ಷಿ ಬೇಕಿಲ್ಲ. ಆ ಬೋಲ್ಟ್ ಆಡುತ್ತಿದೆ. ಗುಳ್ಳೆ ಏಳದಿದ್ದರೂ ಸುಮ್ಮನಾಗದೆ ಬಿಲ್ಜ್‌ಗೆ ಬಣ್ಣ ಕದಡಿದ ನೀರು ತುಂಬಿ ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಹೊರಗಿನ ಸಂದಿನಲ್ಲಿ ಆ ಬಣ್ಣ ಒಸರಿದೆಯೇ ನೋಡುವುದು ಒಳ್ಳೆಯದು.

ಮುಂದಿನ ಕೆಲಸ ಕಿವಿಯದು. ಪ್ಲಾಸ್ಟಿಕ್ ತಲೆಯ ಸಣ್ಣ ಸುತ್ತಿಗೆಯಿಂದ ಕೀಲ್ ಸುತ್ತಲಿನ ಒಡಲನ್ನು ಅಂಗೈ ಅಂಗೈ ಜಾಗ ಬಿಟ್ಟು ತಟ್ಟುತ್ತ ಹೋಗಿ. ಗಟ್ಟಿ ಫೈಬರ್ ಖಣಿ ಎನ್ನುತ್ತದೆ, ಪದರ ಬಿಟ್ಟದ್ದು ಡಬ್ ಎನ್ನುತ್ತದೆ. ಒಳಗಿನ ಅಡ್ಡತೊಲೆಗಳ ಜಾಲರಿಯನ್ನು ಅನೇಕ ತಯಾರಕರು ಪ್ರತ್ಯೇಕವಾಗಿ ಅಚ್ಚು ಹಾಕಿ ತಳಕ್ಕೆ ಅಂಟಿಸಿರುತ್ತಾರೆ. ಆ ಅಂಟು ಬಿಟ್ಟಿದ್ದರೆ ಕಣ್ಣಿಗೆ ಕಾಣುವುದು ಕಷ್ಟ, ತಟ್ಟಿದಾಗಲೇ ಗೊತ್ತಾಗುವುದು. ವಾಷರ್‌ಗಳು ಫೈಬರ್‌ನೊಳಗೆ ಕುಸಿದಿವೆಯೇ, ನಟ್ ಸುತ್ತ ತುಕ್ಕಿನ ಕಂದು ಕಣ್ಣೀರಿದೆಯೇ ನೋಡಿ. ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟ್ ಎಂದು ಮೈಮರೆಯಬಾರದು. ಆ ಲೋಹಕ್ಕೆ ರಕ್ಷಣೆ ಕೊಡುವುದು ಗಾಳಿಯ ಆಮ್ಲಜನಕದಿಂದ ಹುಟ್ಟುವ ತೆಳುವಾದ ಪೊರೆ. ಗಾಳಿಯಾಡದ ಸಂದಿನಲ್ಲಿ ನಿಂತ ನೀರು ಆ ಪೊರೆಯನ್ನು ಮತ್ತೆ ಕಟ್ಟಗೊಡುವುದಿಲ್ಲ. ಮೇಲಿನ ನಟ್ ಫಳಫಳ ಹೊಳೆಯುತ್ತಿರುವಾಗಲೇ ಸಂದಿನ ಮಟ್ಟದಲ್ಲಿ ಬೋಲ್ಟ್ ಪೆನ್ಸಿಲ್‌ನಷ್ಟು ಸವೆದಿರಬಹುದು. ಅನುಮಾನವಿದ್ದರೆ ಅಲ್ಟ್ರಾಸೌಂಡ್ ಪರೀಕ್ಷೆ ಮಾಡಿಸಬೇಕು. ಅದೂ ಸ್ಪಷ್ಟವಾಗದಿದ್ದರೆ ಕೀಲ್ ಇಳಿಸಿ ನೋಡುವುದೇ ದಾರಿ.

ಈಗ ದುರಸ್ತಿ. ಒಳಗೆಲ್ಲ ಗಟ್ಟಿಯಾಗಿದ್ದು, ಸ್ಲಿಂಗ್‌ನಲ್ಲಿ ಸಂದು ಅಲುಗದೆ, ಬಿರಿದದ್ದು ಪುಟ್ಟಿ ಮಾತ್ರ ಎಂದು ಖಾತ್ರಿಯಾದರೆ ಕೆಲಸ ಸುಲಭ. ಹಳೆಯ ಪುಟ್ಟಿಯನ್ನು ಪೂರ್ತಿ ಕೆರೆದು, ಸಂದನ್ನು ಇಂಗ್ಲಿಷಿನ ವಿ ಆಕಾರಕ್ಕೆ ತೆರೆದು, ಚೆನ್ನಾಗಿ ಒಣಗಿಸಿ, ಲೋಹವನ್ನು ಬೆಳ್ಳಗಾಗುವಂತೆ ಉಜ್ಜಿದ ಕೂಡಲೇ ಎಪಾಕ್ಸಿ ಸವರಿ, ಮೇಲೆ ಕೊಂಚ ಬಳುಕುವ ಸೀಲೆಂಟ್ ತುಂಬಿದರೆ ಸಾಕು. ನಟ್‌ಗಳ ಬಿಗಿತವನ್ನು ಟಾರ್ಕ್ ವ್ರೆಂಚ್ ಹಿಡಿದು ತಯಾರಕರು ಕೊಟ್ಟ ಅಂಕಿಗೆ ಸರಿಹೊಂದಿಸಿ.

ಇಲ್ಲೇ ಬಹಳ ಜನ ಎಡವುತ್ತಾರೆ. ನಟ್ ತಿರುಗಿತು, ಸಂದು ಮುಚ್ಚಿತು, ಕೆಲಸ ಆಯಿತು ಎಂದುಕೊಳ್ಳುತ್ತಾರೆ. ಬೀಸುಕಲ್ಲಿನ ಗೂಟ ಸಡಿಲವಾದರೆ ಗುದ್ದಿ ಕೂರಿಸುವುದುಂಟಲ್ಲ, ಹಾಗೆ. ತೂತೇ ಅಗಲವಾಗಿರುವಾಗ ಗೂಟಕ್ಕೆ ಎಷ್ಟು ಗುದ್ದಿದರೂ ನಾಲ್ಕು ಸೇರು ರಾಗಿ ಬೀಸುವಷ್ಟರಲ್ಲಿ ಮತ್ತೆ ಅಲ್ಲಾಡುತ್ತದೆ. ವಾಷರ್ ಅಡಿಯ ಫೈಬರ್ ಜಜ್ಜಿಹೋಗಿದ್ದರೆ, ಕೆಲವು ಹಳೆಯ ದೋಣಿಗಳಲ್ಲಿರುವಂತೆ ಕೀಲ್‌ನ ನೆತ್ತಿಯ ಮೇಲೆ ಪ್ಲೈವುಡ್ ಇದ್ದು ಅದು ನೆನೆದು ಮೆತ್ತಗಾಗಿದ್ದರೆ, ಬಿಗಿ ಮಾಡಿದಷ್ಟೂ ಇನ್ನಷ್ಟು ಜಜ್ಜುತ್ತದೆ. ವ್ರೆಂಚ್ ತಿರುಗುತ್ತಲೇ ಹೋಗಿ ಅಂಕಿ ಮುಟ್ಟದಿದ್ದರೆ ಅಲ್ಲಿಗೆ ನಿಲ್ಲಿಸಿ. ದೋಣಿ ನಿಮಗೆ ಏನೋ ಹೇಳುತ್ತಿದೆ.

ಸಂದು ಅಲುಗುತ್ತಿದ್ದರೆ ಕೀಲ್ ಇಳಿಸಲೇಬೇಕು. ಕೇಳಲು ಭಯಂಕರವಾದರೂ ಒಳ್ಳೆಯ ಯಾರ್ಡ್‌ಗೆ ಇದು ರೂಢಿಯ ಕೆಲಸ. ಕೀಲ್ ವಾಲದಂತೆ ಸುತ್ತ ಚೌಕಟ್ಟು ಕಟ್ಟಿ, ನಟ್ ಬಿಚ್ಚಿ, ಸಂದಿನ ಹಳೆಯ ಸೀಲೆಂಟನ್ನು ತಂತಿಯಿಂದಲೋ ಉದ್ದ ಬ್ಲೇಡಿನಿಂದಲೋ ಕೊಯ್ದು, ದೋಣಿಯನ್ನೇ ಮೇಲೆತ್ತುತ್ತಾರೆ. ಆಗ ಎರಡೂ ಮುಖಗಳು ಬಯಲಿಗೆ ಬರುತ್ತವೆ. ಬೀಡುಕಬ್ಬಿಣದ ಕೀಲ್ ಆದರೆ ತಿರುಪು ಕೊರೆದು ಕೂರಿಸಿದ ಬೋಲ್ಟ್‌ಗಳನ್ನು ಸಾಮಾನ್ಯವಾಗಿ ಬಿಚ್ಚಿ ಬದಲಿಸಬಹುದು. ಸೀಸದ ಕೀಲ್ ಆದರೆ ಕೊಕ್ಕೆಯಾಕಾರದ ಬೋಲ್ಟ್‌ಗಳನ್ನು ಅಚ್ಚಿನಲ್ಲೇ ಹುದುಗಿಸಿರುತ್ತಾರೆ. ಅವು ಕೆಟ್ಟರೆ ಪಕ್ಕದಲ್ಲಿ ಹೊಸ ತೂತು ಕೊರೆದು ಜೊತೆ ಬೋಲ್ಟ್ ಹಾಕಬೇಕು. ಅದು ಅನುಭವಸ್ಥರ ಕೆಲಸ. ಮರಳಿ ಕೂರಿಸುವಾಗ ಮುಖದ ತುಂಬ ಸೀಲೆಂಟ್ ಅಥವಾ ಗಟ್ಟಿ ಎಪಾಕ್ಸಿ ಹಚ್ಚಿ, ನಡುವಿನಿಂದ ಹೊರಕ್ಕೆ, ಸುತ್ತು ಸುತ್ತಾಗಿ, ಹಂತ ಹಂತವಾಗಿ ಬಿಗಿಯಬೇಕು.

ಮುರಿದ ಫೈಬರ್‌ನ ರಿಪೇರಿಯಲ್ಲಿ ತಾಳ್ಮೆ ಮುಖ್ಯ. ಹಾಳಾದ ಭಾಗವನ್ನು ಗಟ್ಟಿ ಪದರ ಸಿಗುವವರೆಗೆ ಉಜ್ಜಿ ತೆಗೆದು, ಅಂಚನ್ನು ನಿಧಾನ ಇಳಿಜಾರು ಮಾಡಬೇಕು. ವಾಡಿಕೆಯ ಲೆಕ್ಕ ಒಂದಕ್ಕೆ ಹನ್ನೆರಡು. ಒಂದು ಸೆಂಟಿಮೀಟರ್ ದಪ್ಪದ ತಳವಾದರೆ ಸುತ್ತ 12 ಸೆಂಟಿಮೀಟರ್ ಇಳಿಜಾರು. ಅದರ ಮೇಲೆ ಎಪಾಕ್ಸಿಯಲ್ಲಿ ಅದ್ದಿದ ಗಾಜಿನ ಬಟ್ಟೆಯನ್ನು ಪದರ ಪದರವಾಗಿ ಕಟ್ಟುತ್ತ ಬರಬೇಕು. ಹಳೆಯ ದೋಣಿ ಪಾಲಿಯೆಸ್ಟರ್‌ನದ್ದೇ ಆದರೂ ರಿಪೇರಿಗೆ ಎಪಾಕ್ಸಿಯೇ ಲೇಸು, ಒಣಗಿ ಗಟ್ಟಿಯಾದ ಹಳೆಯ ಮೈಗೆ ಅದು ಚೆನ್ನಾಗಿ ಕಚ್ಚುತ್ತದೆ. ಬಿಟ್ಟುಕೊಂಡ ತೊಲೆಯ ಸಂದಿಗೆ ಸಿರಿಂಜಿನಲ್ಲಿ ಅಂಟು ಹಾಕಿ ಕೈತೊಳೆಯುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಒಳಗೆ ಎಣ್ಣೆ, ಕೊಳೆ, ತೇವ ಇರುವಾಗ ಅಂಟು ಯಾವುದಕ್ಕೆ ಅಂಟಬೇಕು? ತೆರೆದು, ತೊಳೆದು, ಉಜ್ಜಿ, ತೊಲೆಯ ಎರಡೂ ಮಗ್ಗುಲಿಗೆ ಹೊಸ ಪಟ್ಟಿ ಹಾಕಬೇಕು. ಧಾರವಾಡದ ಗೆಳೆಯರ ದೋಣಿಗೂ ಕೀಲ್ ಇಳಿಸಿ ಹಾಗೆಯೇ ಮಾಡಿಸಿದರು. ಒಂದು ಇಡೀ ಬೇಸಿಗೆ ಅದಕ್ಕೇ ಹೋಯಿತು.

ಇಷ್ಟೆಲ್ಲ ಯಾಕೆ ಎನ್ನುವವರಿಗೆ ‘ಚೀಕಿ ರಫೀಕಿ’ ಎಂಬ ನಲವತ್ತು ಅಡಿಯ ಬ್ರಿಟಿಷ್ ದೋಣಿಯ ಕಥೆ ಹೇಳಬೇಕು. 2014ರ ಮೇ ತಿಂಗಳಲ್ಲಿ ಆಂಟಿಗುವಾದಿಂದ ಸೌತ್‌ಹ್ಯಾಂಪ್ಟನ್‌ಗೆ ಮರಳುತ್ತಿದ್ದಾಗ ಅಟ್ಲಾಂಟಿಕ್ ನಡುವೆ ಅದರ ಕೀಲ್ ಕಳಚಿಬಿತ್ತು. ಅದರಲ್ಲಿದ್ದ ನಾಲ್ವರೂ ಹೋದರು. ಬ್ರಿಟನ್ನಿನ ಸಾಗರ ಅಪಘಾತ ತನಿಖಾ ಸಂಸ್ಥೆ ಮರುವರ್ಷ ಕೊಟ್ಟ ವರದಿ ಹೇಳಿದ್ದೇನೆಂದರೆ, ಹಿಂದೆ ನೆಲ ತಾಗಿದ್ದು ಮತ್ತು ಆಮೇಲಿನ ರಿಪೇರಿಗಳು ಸೇರಿ ಕೀಲ್‌ನ ಬುಡವನ್ನು ದುರ್ಬಲಗೊಳಿಸಿರಬಹುದು. ಹಗುರವೆಂದು ತೋರುವ ಪೆಟ್ಟು ಕೂಡ ಒಳಗಿನ ಅಂಟನ್ನು ಯಾರಿಗೂ ತಿಳಿಯದಂತೆ ಬಿಡಿಸಬಲ್ಲದು ಎಂಬುದು ಅದರ ಸಾರ. ಆ ದೋಣಿಗೆ ಲಾರಿ ಕಾರಣವಲ್ಲ, ನಿಜ. ಆದರೆ ಪೆಟ್ಟು ಬಂಡೆಯದೋ ಟ್ರೇಲರಿನದೋ ಎಂದು ಫೈಬರ್ ವಿಚಾರಿಸುವುದಿಲ್ಲ.

ಕೊನೆಗೆ ಕಾಗದಪತ್ರದ ಮಾತು. ದೋಣಿ ಇಳಿಸಿದ ಚಾಲಕ ರಸೀದಿ ಮುಂದೊಡ್ಡಿ ಸಹಿ ಕೇಳುತ್ತಾನೆ. ಟ್ರೇಲರ್ ಮೇಲಿರುವಾಗಲೇ ಕೀಲ್ ಪಾದ, ಹಲಗೆ, ಮೆತ್ತೆ, ಪಟ್ಟಿ ಎಲ್ಲವನ್ನೂ ಫೋಟೊ ತೆಗೆದು, ಸ್ಲಿಂಗ್‌ನಲ್ಲಿ ಸಂದು ನೋಡಿ, ಕಂಡದ್ದನ್ನು ಆ ರಸೀದಿಯ ಮೇಲೇ ಕೈಯಲ್ಲಿ ಬರೆದು ಆಮೇಲೆ ಸಹಿ ಹಾಕಿ. ಅಮೆರಿಕದಲ್ಲಿ ರಾಜ್ಯದಿಂದ ರಾಜ್ಯಕ್ಕೆ ಸರಕು ಒಯ್ಯುವವರ ಹೊಣೆಯನ್ನು ನಿಗದಿ ಮಾಡುವುದು 1906ರ ಕಾರ್ಮ್ಯಾಕ್ ತಿದ್ದುಪಡಿ. ಅದರಡಿ ಪರಿಹಾರ ಕೇಳಲು ಕನಿಷ್ಠ ಒಂಬತ್ತು ತಿಂಗಳ ಅವಕಾಶ ಕೊಡಲೇಬೇಕು. ಆದರೆ ಸರಕು ಕೈಗೆ ಕೊಟ್ಟಾಗ ಚೆನ್ನಾಗಿತ್ತು, ಮರಳಿ ಕೈಗೆ ಬಂದಾಗ ಕೆಟ್ಟಿತ್ತು ಎಂದು ತೋರಿಸಬೇಕಾದವರು ನೀವು. ಲಾರಿಯವನಿಗೂ ಲಾರಿ ಗೊತ್ತುಮಾಡಿಕೊಟ್ಟ ದಲ್ಲಾಳಿಗೂ ಕಾನೂನಿನಲ್ಲಿ ವ್ಯತ್ಯಾಸವಿದೆ, ಒಪ್ಪಂದದಲ್ಲಿ ಯಾರ ಹೆಸರಿದೆ ಎಂದು ಮೊದಲೇ ಓದಿಕೊಳ್ಳಿ. ನಿಮ್ಮ ದೋಣಿ ವಿಮೆ ರಸ್ತೆ ಪ್ರಯಾಣಕ್ಕೂ ಅನ್ವಯಿಸುತ್ತದೆಯೇ ಎಂದು ಕೇಳಬೇಕಾದದ್ದು ಲಾರಿ ಹೊರಡುವ ಮುಂಚೆ. ತಪಾಸಣೆಗೆ ಕರೆಯುವ ಸರ್ವೇಯರ್ ಲಾರಿಯವನ ಕಡೆಯವನೂ ಆಗಿರಬಾರದು, ರಿಪೇರಿ ಮಾಡುವ ಯಾರ್ಡ್‌ನವನೂ ಆಗಿರಬಾರದು.

ನನ್ನನ್ನು ಕೇಳಿದರೆ ಪ್ರತಿ ದೋಣಿಗೂ ಅದರ ಕೀಲ್‌ನದೇ ಒಂದು ಕಡತ ಇರಬೇಕು. ಪಾದದ ಇಳಿಜಾರು ಎಷ್ಟು, ಅಡ್ಡತೊಲೆಗಳು ಎಲ್ಲೆಲ್ಲಿವೆ, ಬೋಲ್ಟ್ ಬಿಗಿದದ್ದು ಯಾವಾಗ, ನೆಲ ತಾಗಿದ್ದು ಎಲ್ಲಿ, ಏನು ರಿಪೇರಿಯಾಯಿತು, ಎಲ್ಲಕ್ಕೂ ಫೋಟೊ. ಲಾರಿ ಏರಿಸುವವನ ಕೈಗೆ ಅದರ ಮೊದಲ ಪುಟ ಕೊಡಿ, ಬೆಣೆ ಎಲ್ಲಿಡಬೇಕೆಂದು ಅವನು ಊಹಿಸಬೇಕಾಗುವುದಿಲ್ಲ. ದೋಣಿ ಮಾರುವ ದಿನ ಕೊಳ್ಳುವವರಿಗೆ ಇಡೀ ಕಡತ ಕೊಡಿ, ಅದರಿಂದ ಬೆಲೆ ಸ್ವಲ್ಪ ಇಳಿದರೂ ಸರಿ. ಬಿರುಕಿನ ಮೇಲೆ ಪುಟ್ಟಿ ಬಳಿದು ಬಣ್ಣ ಹೊಡೆದು ಮಾರಿದರೆ ಉಳಿಯುವ ಹಣವನ್ನು ತೀರಿಸುವವರು ನೀವಲ್ಲ, ಎರಡೋ ಮೂರೋ ಮಾಲೀಕರು ದಾಟಿದ ಮೇಲೆ ಆ ದೋಣಿಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಹೊರಡುವ ಯಾರೋ ಒಬ್ಬರು.